ಬಸ್ಸಿನ ಧಣಿಯ ಹುಲಿ ಬಾಕಿ

ಹಿರಿಯಣ್ಣ ಶೇರಿಗಾರನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಕುಂದಾಪುರದಿಂದ ಮಾಬುಕಳದ ಹೊಳೆಯವರೆಗೆ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹಾಗೆ ಹೇಳುವವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಅವನ ಬಸ್ಸಿನಿಂದ ಅರ್ಧ ದಾರಿಯಲ್ಲಿ ಇಳಿದವರೇ. ಹುಂಜದ ಕಾಲು ಕಟ್ಟದೆ ತಂದವರು, ಚಿಲ್ಲರೆ ಇಲ್ಲದೆ ಹತ್ತಿದವರು, ಕಿಟಕಿಯಿಂದ ಎಲೆಯಡಿಕೆ ಉಗುಳಿದವರು, ಎಲ್ಲರೂ ಅವನ ಬಾಯಿಗೆ ಸಿಕ್ಕಿದವರು. ಮರುದಿನ ಮತ್ತೆ ಅದೇ ಬಸ್ಸಿಗೆ ಕಾದು ನಿಲ್ಲುತ್ತಿದ್ದರು. ನಿಲ್ಲದೆ ಏನು ಮಾಡುತ್ತಾರೆ? ಹದಿನಾಲ್ಕು ವರ್ಷದಿಂದ ಆ ದಾರಿಯಲ್ಲಿ ಅವನ ಕಂಪೆನಿಯದ್ದೇ ಕಾರುಬಾರು. ಕಂಪೆನಿ ಎಂದರೆ ಒಂದೇ ಒಂದು ಬಸ್ಸು. ಧಣಿಯೂ ಡ್ರೈವರನೂ ಹಿರಿಯಣ್ಣ, ಉಳಿದದ್ದಕ್ಕೆಲ್ಲ ಕಂಡಕ್ಟರ್ ಶೀನ.

ಈ ಕಂಪೆನಿಯನ್ನು ಹಿರಿಯಣ್ಣ ಮಾರಲು ಹೊರಟಿದ್ದ. ಯುದ್ಧ ಮುಗಿದು ವರ್ಷ ಕಳೆದಿತ್ತು, ಹತ್ತು ಹದಿನೈದು ಬಸ್ಸುಗಳ ದೊಡ್ಡ ಕಂಪೆನಿಗಳು ಊರಿಗೆ ಕಾಲಿಡುವ ಸುದ್ದಿಯಿತ್ತು. ಅವನಿಗೆ ಐವತ್ತಮೂರು ತುಂಬಿತ್ತು. ಆದರೆ ನಿಜವಾದ ಕಾರಣ ಬೇರೆ. ಮದುವೆಯಾದ ಇಪ್ಪತ್ತೈದು ವರ್ಷವೂ ಹೆಂಡತಿ ಗೋಮತಿ ಬಾಡಿಗೆ ಮನೆಯಲ್ಲೇ ಇದ್ದಳು. ಅದರಲ್ಲಿ ಹದಿನಾಲ್ಕು ವರ್ಷ ಬಸ್ಸಿನ ಶೆಡ್ಡಿಗೆ ಬೆನ್ನು ಹಚ್ಚಿದ ಮನೆಯಲ್ಲಿ. ಅವಳು ಒಗೆದು ಹಾಕಿದ ಸೀರೆಗೆ ಹೊಗೆಯ ವಾಸನೆ ಬಿಟ್ಟು ಬೇರೆ ವಾಸನೆ ಗೊತ್ತಿರಲಿಲ್ಲ. ಮಗಳು ಮೂಕಾಂಬಿಕಾಳನ್ನು ಬೈಂದೂರಿಗೆ ಕೊಟ್ಟಿತ್ತು. ಅಲ್ಲೇ ಹತ್ತಿರ ಉಪ್ಪುಂದದಲ್ಲಿ ಹಂಚಿನ ಮನೆಯೊಂದು ಮಾರಾಟಕ್ಕಿತ್ತು. ದೀಪಾವಳಿಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಎಂದು ಮಾರುವವರು ಹೇಳಿದ್ದರು. ಗೋಮತಿ ಆ ಮನೆಯನ್ನು ಒಮ್ಮೆ ನೋಡಿ ಬಂದವಳು, ಅಂಗಳದಲ್ಲಿ ಎಲ್ಲಿ ಬಸಳೆ ಹಬ್ಬಿಸಬೇಕು ಎಂಬಲ್ಲಿಗೆ ಮುಟ್ಟಿದ್ದಳು. ಅವಳ ಬಾಯಿಂದ ಬಸಳೆಯ ವಿಷಯ ಕೇಳಿದ ದಿನವೇ ಹಿರಿಯಣ್ಣ ಬಸ್ಸು ಮಾರುವುದೆಂದು ನಿಶ್ಚಯ ಮಾಡಿದ್ದ.

ಕೊಳ್ಳುವವರು ಸಾಲಿಗ್ರಾಮದ ಶಾಮರಾಯರು. ಇಪ್ಪತ್ತು ವರ್ಷ ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು, ಹಾಲಿಗೆ ನೀರು ಬಿದ್ದದ್ದನ್ನು ಲೋಟ ನೋಡಿಯೇ ಹೇಳುವ ಜನ. ವಕೀಲರ ಕೈಯಲ್ಲಿ ಕರಾರು ಬರೆಸಿದ್ದರು: ಕ್ರಯದ ದಿನಕ್ಕೆ ಮುಂಚೆ ಕಂಪೆನಿಯ ಮೇಲಿರುವ ಸಕಲ ಬಾಕಿಗಳನ್ನೂ ಮಾರುವವರೇ ತೀರಿಸತಕ್ಕದ್ದು, ಒಂದು ಉಳಿದರೂ ಕ್ರಯ ಇಲ್ಲ. ಕ್ರಯಕ್ಕೆ ವಿಜಯದಶಮಿ ನಿಶ್ಚಯವಾಗಿತ್ತು. ಹಿರಿಯಣ್ಣ ಟಯರಿನವನದ್ದು ತೀರಿಸಿದ, ಯುದ್ಧಕಾಲದಲ್ಲಿ ಬಸ್ಸಿಗೆ ಇದ್ದಿಲು ಕೊಟ್ಟವನದ್ದು ತೀರಿಸಿದ, ಶೆಡ್ಡಿನ ಬಾಡಿಗೆ ತೀರಿಸಿದ. ಶಾಮರಾಯರಿಗೆ ಅಷ್ಟು ಸಾಲಲಿಲ್ಲ. ಪ್ರತಿ ನಿಲ್ದಾಣದಲ್ಲಿ ತಾವೇ ಇಳಿದು, ಈ ಬಸ್ಸು ಯಾರಿಗಾದರೂ ಏನಾದರೂ ಕೊಡಬೇಕೇ ಎಂದು ಕೇಳಿ ಬಂದರು. ಕಂಪೆನಿಯ ಹೆಸರು ಹೇಳಿ ಶೀನ ತಿಂದ ಗೋಳಿಬಜೆಯ ಬಾಕಿ ಒಂಬತ್ತಾಣೆ ಕೋಟದಲ್ಲಿ ಸಿಕ್ಕಿತು. ಅದನ್ನೂ ಕಟ್ಟಿಸಿದರು.

ನವರಾತ್ರಿಯ ನಾಲ್ಕನೆಯ ದಿನ ಮಧ್ಯಾಹ್ನ ಹಿರಿಯಣ್ಣನ ಜಗಲಿಯಲ್ಲಿ ಕೂತು ಶಾಮರಾಯರು ರಸೀದಿಗಳನ್ನೆಲ್ಲ ಒಂದೊಂದಾಗಿ ಮಗುಚಿ ಹಾಕಿದರು. ಕನ್ನಡಕ ತೆಗೆದು ಒರೆಸಿದರು.

“ಮನುಷ್ಯರದ್ದೆಲ್ಲ ಆಯ್ತ್. ದೇವ್ರದ್ದ್ ಎಂತಾರೂ ಬಾಕಿ ಇತ್ತಾ ಶೇರಿಗಾರ್ರೆ?”

“ದೇವ್ರದ್ದಾ?” ಹಿರಿಯಣ್ಣ ನಕ್ಕ. “ಎಂತದೂ ಇಲ್ಲೆ ರಾಯ್ರೆ.”

ಶಾಮರಾಯರು ನಗಲಿಲ್ಲ. ಬೊಂಬಾಯಿಯಲ್ಲಿ ಅವರು ಕೊಂಡ ಮೊದಲ ಹೋಟೆಲಿನ ಹಳೆಯ ಧಣಿ ಯಾವುದೋ ಹರಕೆ ಹೊತ್ತು ತೀರಿಸದೆ ಹೋಗಿದ್ದನಂತೆ. ತಿಂಗಳೊಳಗೆ ಅಡಿಗೆಯವನು ಓಡಿಹೋದ, ಒಲೆ ಕುಸಿಯಿತು. ಭಾಷೆಯೇ ಗೊತ್ತಿಲ್ಲದ ದೇವರಿಗೆ ಎರಡು ವರ್ಷ ಕಾಣಿಕೆ ಕಟ್ಟಿ ಸುಧಾರಿಸಬೇಕಾಯಿತು. ಇದನ್ನು ಅವರು ಸಾವಧಾನವಾಗಿ ವಿವರಿಸಿದರು.

“ನಮ್ಮದಂತದ್ದ್ ಇಲ್ಲೆ,” ಎಂದ ಹಿರಿಯಣ್ಣ.

“ಒಂದ್ ಇತ್ತ್,” ಎಂದಿತು ಬಾಗಿಲ ಮರೆಯಿಂದ ಗೋಮತಿಯ ದನಿ.

ಹಿರಿಯಣ್ಣ ತಿರುಗಿ ನೋಡಿದ. ಗೋಮತಿ ಹೊಸ್ತಿಲ ಹತ್ತಿರ ಬಂದು ನಿಂತಳು. ಸೆರಗಿನ ತುದಿಯನ್ನು ಹಿಂಡುತ್ತ, ಗಂಡನನ್ನು ನೋಡದೆ, ಶಾಮರಾಯರ ರಸೀದಿಗಳನ್ನೇ ನೋಡುತ್ತ ಹೇಳಿದಳು.

ಮೂರು ವರ್ಷದ ಹಿಂದಿನ ಮಾತು. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದ ಕಾಲ. ಒಂದು ದಿನ ಮಳೆಯೆಂದು ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಡ್ರಮ್ಮು ಹೊತ್ತಿಸಿದ ಹಿರಿಯಣ್ಣ ಗ್ಯಾಸು ತಲೆಗೇರಿ ಅಲ್ಲೇ ಬಿದ್ದಿದ್ದ. ಮೂರು ದಿನ ಕಣ್ಣು ಬಿಡಲಿಲ್ಲ. ಡಾಕ್ಟರು ಕೈ ಚೆಲ್ಲಿ ಹೋದರು. ನಾಲ್ಕನೆಯ ದಿನ ಎದ್ದು ಕೂತವನು ಬಸ್ಸು ಹೊರಟಿತೇ ಎಂದು ಕೇಳಿ, ಇಲ್ಲ ಎಂದದ್ದಕ್ಕೆ ಶೀನನಿಗೆ ಬೈದಿದ್ದ.

“ಮೂರ್ನೇ ದಿನ ನಾನ್ ಅಮ್ಮನ ಗುಡಿಗ್ ಹೋಯಿ ಹರಕೆ ಹೇಳ್ಕಂಡಿದ್ದೆ,” ಎಂದಳು ಗೋಮತಿ. “ಬಸ್ಸಿನ ಧಣಿ ಎದ್ ನಿಂತ್ರೆ, ನವರಾತ್ರಿಗ್ ಹುಲಿವೇಷ ಹಾಕಿ, ಬಸ್ ನಿಲ್ಲು ಏಳ್ ಜಾಗದಲ್ಲಿ ಕುಣಿದ್, ಭಿಕ್ಷೆ ಎತ್ತಿ ತಂದ್ ನಿನ್ನ ಹುಂಡಿಗ್ ಹಾಕ್ತ್ರ್ ಅಂದೇಳಿ.”

ಅಂಗಳದಲ್ಲಿ ಬಸ್ಸು ತೊಳೆಯುತ್ತಿದ್ದ ಶೀನ ಬಾಲ್ದಿ ಕೆಳಗಿಟ್ಟ.

“ಬಸ್ಸಿನ ಧಣಿ ಅಂದೇಳಿ ಹೇಳ್ಕಂಡ್ರ್ಯಾ?” ಶಾಮರಾಯರು ಕನ್ನಡಕ ಏರಿಸಿದರು. “ಹೆಸ್ರ್ ಹೇಳ್ಲಿಲ್ಯಾ?”

“ಗಂಡನ್ ಹೆಸ್ರ್ ಹ್ಯಾಂಗೆ ಹೇಳುದ್ ರಾಯ್ರೆ?” ಎಂದಳು ಗೋಮತಿ. ದೇವರ ಎದುರಾದರೂ ಮರ್ಯಾದೆ ಮರ್ಯಾದೆಯೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ಶಾಮರಾಯರು ಬೆರಳು ಮಡಿಸಿ ಏನೋ ಎಣಿಸಿದರು. ಹುಲಿ ಕುಣಿಯುವುದಕ್ಕೆ ಈ ವರ್ಷ ಇನ್ನು ಐದು ದಿನ. ದಶಮಿಗೆ ಕ್ರಯ. ಮುಂದಿನ ನವರಾತ್ರಿಗೆ ಬಸ್ಸಿನ ಧಣಿ ಯಾರು? ಅವರ ಕೈ ತಾನಾಗಿ ಎದೆಯ ಮೇಲಿನ ಜನಿವಾರಕ್ಕೆ ಹೋಯಿತು.

“ನಾನಾ?” ಎಂದರು. “ಹುಲಿಯಾ?”

ಮನೆಯಲ್ಲಿ ಅವರ ತಾಯಿ ಮಡಿ ಬಿಟ್ಟು ಮಾತಾಡದ ಹೆಂಗಸು. ಮೈಗೆ ಹಳದಿ ಬಳಿದು ಬಾಲ ಕಟ್ಟಿಕೊಂಡ ಮಗನನ್ನು ಆಕೆ ನೋಡುವುದನ್ನು ಶಾಮರಾಯರು ಮನಸ್ಸಿನಲ್ಲೇ ಕಂಡಿರಬೇಕು, ಬೆವೆತುಬಿಟ್ಟರು. ರಸೀದಿಗಳನ್ನೆಲ್ಲ ಕಟ್ಟಿ ಎದ್ದರು.

“ಇದ್ ತೀರ್ದೆ ನಾ ರುಜು ಹಾಕುದಿಲ್ಲೆ ಶೇರಿಗಾರ್ರೆ. ಬೇರೆಯವ್ರ ಕೈಯಲ್ಲಿ ಕುಣ್ಸುದೂ ಆತಿಲ್ಲೆ. ಧಣಿ ಅಂದ್ರೆ ಧಣಿಯೇ.”

ಅವರು ಹೋದ ಮೇಲೆ ಹಿರಿಯಣ್ಣ ಕಿರುಚಿದ್ದು ಪೇಟೆಯವರೆಗೆ ಕೇಳಿತಂತೆ.

“ಒಂದ್ ಕಾಯಿ ಒಡೀತೆ ಅಂದೇಳಿ ಹೇಳ್ಕಂಬುಕಾತಿರ್ಲಿಲ್ಯಾ ನಿಂಗೆ? ಒಂದ್ ಪೂಜೆ? ಹುಲಿಯೇ ಆಯ್ಕಿತ್ತಾ? ಅದೂ ಮೂರ್ ವರ್ಷ ಬಾಯ್ ಮುಚ್ಕಂಡ್ ಕೂಕಂಡಿದ್ಯಲ್ಲ!”

“ಈಗ್ಲೂ ಹೇಳುಕೆ ಮನ್ಸಿರ್ಲಿಲ್ಲೆ,” ಎಂದಳು ಗೋಮತಿ. “ಮತ್ತೊಬ್ರ ತಲಿ ಮೇಲೆ ಹಾಕಿ ಹೋಪುದ್ ಸಮ ಅಲ್ಲ ಅಂದೇಳಿ ಹೇಳ್ದೆ.”

ಅಷ್ಟು ಹೇಳಿ ಅವಳು ಒಳಗೆ ಹೋದಳು. ತನ್ನ ಸಿಟ್ಟಿಗೆ ಹೆದರಿಯೇ ಇವಳು ಮೂರು ವರ್ಷ ಬಾಯಿ ಬಿಡಲಿಲ್ಲ ಎಂದು ಹಿರಿಯಣ್ಣನಿಗೆ ಅನ್ನಿಸಿತು. ಅನ್ನಿಸಿದ್ದರಿಂದ ಸ್ವಲ್ಪ ನಾಚಿಕೆಯಾಯಿತು, ನಾಚಿಕೆಯಾದದ್ದರಿಂದ ಇನ್ನಷ್ಟು ಸಿಟ್ಟು ಬಂತು.

ಕುಣಿಯುವುದಕ್ಕೆ ಬರುವುದಿಲ್ಲ ಎಂದಲ್ಲ. ಶೇರಿಗಾರರ ಮನೆತನ, ದೇವಸ್ಥಾನದ ವಾದ್ಯ ಅಜ್ಜನ ಕಾಲದಿಂದಲೂ ಅವರದೇ. ಹುಲಿಕುಣಿತದ ಡೋಲಿನ ಪೆಟ್ಟು ಕೇಳಿದರೆ ಆ ಮನೆಯ ಮಕ್ಕಳ ಕಾಲು ತೊಟ್ಟಿಲಲ್ಲೇ ಅಲುಗುತ್ತಿತ್ತು. ಅವನ ಸಂಕಟ ಬೇರೆ. ಕುಣಿಯಬೇಕಾದದ್ದು ಬಸ್ಸು ನಿಲ್ಲುವ ಜಾಗದಲ್ಲಿ. ಕೋಟೇಶ್ವರ, ಕುಂಭಾಸಿ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನ, ಮಾಬುಕಳ. ಒಂದೊಂದು ಕಡೆಯೂ ಅವನು ಬೈದವರು, ಇಳಿಸಿದವರು, ಕೈ ತೋರಿಸಿದರೂ ಬಸ್ಸು ನಿಲ್ಲದೆ ಧೂಳು ಕುಡಿದವರು ಸಾಲಾಗಿ ನಿಂತಿರುತ್ತಾರೆ. ಅವರ ಮುಂದೆ ಬಾಲ ಆಡಿಸಿ ಕೈ ಚಾಚಬೇಕು. ಈ ಅವಮಾನಕ್ಕಿಂತ ಗ್ಯಾಸು ಕುಡಿದು ಬಿದ್ದದ್ದೇ ಸುಖವಾಗಿತ್ತು ಎಂದುಕೊಂಡ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಶೆಡ್ಡಿನ ಹಿಂದಿನ ಅಮ್ಮನ ಗುಡಿಗೆ ಹೋಗಿ, ತಪ್ಪು ಕಾಣಿಕೆ ಹಾಕಿ ಹರಕೆ ಬಿಡಿಸಿಕೊಳ್ಳಬಹುದೇ ಎಂದು ಅರ್ಚಕರನ್ನು ಕೇಳಿದ.

“ಬಿಡ್ಸ್ಕಂಬಲಕ್ಕ್,” ಎಂದರು ಅರ್ಚಕರು. “ಆರೆ ಅದ್ ಕೈಲಾಗ್ದೆ ಇಪ್ಪೋರಿಗೆ. ನನ್ನ್ ಕೈಲಿ ಆತಿಲ್ಲೆ ಅಂದೇಳಿ ಅಮ್ಮನ ಎದ್ರ್ ನಿಂತ್ ಒಂದ್ ಸಲ ಹೇಳಿ. ನಾನ್ ಪ್ರಸಾದ ಕೊಡ್ತೆ.”

ಹಿರಿಯಣ್ಣ ನಿಂತ. ಎಡಮೊಣಗಂಟು ನೋಯುತ್ತಿದ್ದದ್ದು ಸುಳ್ಳಲ್ಲ. ಆದರೆ ಅದೇ ಕಾಲಿನಲ್ಲಿ ನಿನ್ನೆ ಕುಂಭಾಸಿಯ ಏರಿನಲ್ಲಿ ಬಸ್ಸು ತಳ್ಳಿದ್ದ. ಪರ್ಮಿಟ್ಟಿನ ಸಾಹೇಬರ ಮುಂದೆ, ಪೊಲೀಸರ ಮುಂದೆ ಕಣ್ಣು ಮಿಟುಕಿಸದೆ ಎಷ್ಟು ಸುಳ್ಳು ಹೇಳಿರಲಿಲ್ಲ! ಈಗ ನಾಲ್ಕು ಶಬ್ದ ಹೇಳಿದರೆ ಸಾಕಿತ್ತು. ಬಾಯಿ ತೆರೆದ. ಸತ್ತೇಹೋಗಿದ್ದವನನ್ನು ಎಬ್ಬಿಸಿ ಕೂರಿಸಿದವಳು ಎದುರು ಕೂತು ನೋಡುತ್ತಿದ್ದಳು.

“ಕುಣೀತೆ ಮಾರಾಯ್ರೆ,” ಎಂದು ಗದರಿ ಹೊರಗೆ ಬಂದ. ಮನೆ ಮುಟ್ಟುವವರೆಗೆ ಎದುರು ಸಿಕ್ಕ ನಾಯಿಗೂ ಬೈದ.

ಮಹಾನವಮಿಯ ದಿನ ಬಸ್ಸಿಗೆ ಪೂಜೆ. ಶೀನ ಮಾವಿನೆಲೆ, ಸೇವಂತಿಗೆ ಮಾಲೆ ಕಟ್ಟಿದ. ಬೆಳಕು ಹರಿಯುವ ಮುಂಚೆ ಬಣ್ಣ ಬಳಿಯುವವರು ಬಂದಿದ್ದರು. ಎರಡು ಕೋಲಿಗೆ ಕೈ ಆನಿಸಿ, ಹಳದಿ ಒಣಗುವವರೆಗೆ, ಆಮೇಲೆ ಕಪ್ಪು ಪಟ್ಟೆ ಒಣಗುವವರೆಗೆ ಹಿರಿಯಣ್ಣ ನಿಂತೇ ಇದ್ದ. ಅಣ್ಣನ ಮಗ ಶೇಖರ ತಾಸೆ, ಡೋಲು ಬಾರಿಸುವವರನ್ನು ಕರೆದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತ. ಬೇರೆ ಡ್ರೈವರನಂತೂ ಇಲ್ಲ. ಹೀಗಾಗಿ ಹುಲಿಯೇ ಸ್ಟಿಯರಿಂಗ್ ಹಿಡಿಯಿತು. ಬಾಲವನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಗಲಾಟೆಯಾಯಿತು. ಕೊನೆಗೆ ಶೀನ ಸೀಟಿನ ಹಿಂದಿನಿಂದ ಅದನ್ನು ಹಿಡಿದುಕೊಂಡು ನಿಂತ. ಶಾಮರಾಯರು ಮುಂದಿನ ಸೀಟಿನಲ್ಲಿ ನೋಟುಪುಸ್ತಕ ಬಿಚ್ಚಿ ಕೂತರು. ಗೋಮತಿ ಬಾಗಿಲಲ್ಲಿ ನಿಂತು ನೋಡಿದಳು. ಅವಳು ನಗುತ್ತಾಳೆಂದು ಹಿರಿಯಣ್ಣ ಎಣಿಸಿದ್ದ. ನಗಲಿಲ್ಲ.

ಕೋಟೇಶ್ವರದಲ್ಲಿ ಹುಲಿ ಇಳಿದು ನಾಲ್ಕು ಹೆಜ್ಜೆ ಹಾಕಿತು. ಜನ ಸೇರಿದರು, ಗುರುತು ಹಿಡಿದರು, ಎಲ್ಲರೂ ಗಪ್‌ಚಿಪ್. ನಕ್ಕರೆ ನಾಳೆ ಬಸ್ಸಿಗೆ ಹತ್ತಿಸಿಕೊಳ್ಳುತ್ತಾನೋ ಇಲ್ಲವೋ! ಕಾಣಿಕೆ ಹಾಕುವುದೂ ಟಿಕೆಟಿಗೆ ಚಿಲ್ಲರೆ ಕೊಟ್ಟಂತೆಯೇ, ಎಣಿಸಿ, ಕಣ್ಣು ತಗ್ಗಿಸಿ. ಕುಂಭಾಸಿಯಲ್ಲೂ ಅಷ್ಟೆ. ಇಷ್ಟು ಜನ ತನಗೆ ಹೆದರುತ್ತಾರೆಂದು ಹಿರಿಯಣ್ಣನಿಗೆ ಗೊತ್ತಿತ್ತು, ಅದರಲ್ಲಿ ಒಂದು ಹೆಮ್ಮೆಯೂ ಇತ್ತು. ಹುಲಿಯ ಮುಖವಾಡದ ಒಳಗಿನಿಂದ ನೋಡಿದಾಗ ಅದು ಅಷ್ಟು ಚೆಂದ ಕಾಣಲಿಲ್ಲ.

ತೆಕ್ಕಟ್ಟೆಯಲ್ಲಿ ಬಚ್ಚ ಕಾದಿದ್ದ. ಒಣಮೀನು ಮಾರುವ ಬಚ್ಚ. ಎರಡು ಮಳೆಗಾಲದ ಹಿಂದೆ ವಾಸನೆ ಎಂದು ಬುಟ್ಟಿ ಸಮೇತ ಅವನನ್ನು ಗದ್ದೆಯ ನಡುವೆ ಇಳಿಸಿ ಹಿರಿಯಣ್ಣ ಬಸ್ಸು ಬಿಟ್ಟಿದ್ದ. ಬಚ್ಚ ಗುಂಪು ಸೀಳಿಕೊಂಡು ಮುಂದೆ ಬಂದು, ಬುಟ್ಟಿ ಇಳಿಸಿ, ಒಂದು ಬೆಳ್ಳಿ ರೂಪಾಯಿಯನ್ನು ನೆಲದ ಮೇಲೆ ಇಟ್ಟ.

“ಹ್ವಾಯ್, ಹುಲಿ ಕೈಯಲ್ಲಿ ಹೆಕ್ಕುದಿಲ್ಲೆ ಧಣಿ,” ಎಂದ. “ಬಾಯಲ್ಲಿ.”

ತಾಸೆಯವನು ಬಾರಿಸುವುದನ್ನು ನಿಲ್ಲಿಸಿದ. ಹಿರಿಯಣ್ಣ ಬಚ್ಚನನ್ನೇ ನೋಡಿದ. ಆಮೇಲೆ ಮುಖವಾಡ ಮೇಲಕ್ಕೆ ಸರಿಸಿ, ಕೈಗಳನ್ನು ಬೆನ್ನಿಗೆ ಕಟ್ಟಿ, ಬಾಗಿದ. ಮೊಣಗಂಟು ಲಟಕ್ಕೆಂದಿತು. ಧೂಳು ಮೂಗಿಗೆ ಹೋಯಿತು. ತುಟಿಯಲ್ಲಿ ರೂಪಾಯಿ ಕಚ್ಚಿ ಎದ್ದವನೇ, ಅದನ್ನು ಅಂಗೈಗೆ ಉಗುಳಿಕೊಂಡು, ಬಚ್ಚನ ಮುಖದ ಮೇಲೇ ಒಂದು ಆರ್ಭಟ ಕೊಟ್ಟ. ಹದಿನಾಲ್ಕು ವರ್ಷ ಹುಂಜ ತಂದವರಿಗೂ ಉಗುಳಿದವರಿಗೂ ಕೊಟ್ಟ ಅದೇ ಆರ್ಭಟ! ಬಚ್ಚ ಹೌಹಾರಿ ತನ್ನ ಬುಟ್ಟಿಯ ಮೇಲೇ ಕೂತುಬಿಟ್ಟ.

ಮೊದಲು ನಕ್ಕವನು ಬಚ್ಚನೇ. ಆಮೇಲೆ ಇಡೀ ತೆಕ್ಕಟ್ಟೆ ನಕ್ಕಿತು. ಹಿರಿಯಣ್ಣನಿಗೂ ತಡೆಯಲಾಗಲಿಲ್ಲ. ಆ ದಾರಿಯ ಜನ ಅವನ ಹಲ್ಲು ನೋಡಿದ್ದು ಅದೇ ಮೊದಲು. ಶೇಖರ ಡೋಲಿಗೆ ಪೆಟ್ಟು ಹಾಕಿದ. ಹಿರಿಯಣ್ಣನ ಕಾಲಿನ ಬಿಗಿ ಸಡಿಲಾಯಿತು. ಆಗ ಕುಣಿದ ನೋಡಿ! ಅಜ್ಜನಿಂದ ಬಂದದ್ದು ಎಲ್ಲಿ ಹೋಗುತ್ತದೆ? ಬಸ್ಸು ಹೊರಟಾಗ ಬಚ್ಚನೂ ಬುಟ್ಟಿಯ ಸಮೇತ ಒಳಗಿದ್ದ. ಟಿಕೆಟ್ ಕೇಳಿದ ಶೀನನಿಗೆ, ಹುಲಿಯ ಮರ್ಯಾದೆಗೆ ಬಂದವನು ನಾನು ಎಂದ.

ಕೋಟಕ್ಕೆ ಸುದ್ದಿ ಸೈಕಲ್ಲಿನಲ್ಲಿ ಮೊದಲೇ ಮುಟ್ಟಿತ್ತು. ಬೈಸಿಕೊಂಡವರೆಲ್ಲ ರಜೆ ಮಾಡಿ ಬಂದಿದ್ದರು. ತಾನೂ ಒಂದು ಆರ್ಭಟ ಕೇಳಬೇಕೆಂದು ಒಬ್ಬೊಬ್ಬರಾಗಿ ಮುಂದೆ ಬಂದು ನಿಂತರು, ದುಡ್ಡು ಹಾಕಿದರು. ಸಾಲಿಗ್ರಾಮದಲ್ಲಿ ಶಾಮರಾಯರ ತಾಯಿಯೇ ಬಂದಿದ್ದರು. ಮಡಿ ಸೀರೆ ಉಟ್ಟು, ಮಾರು ದೂರ ನಿಂತು, ಎರಡಾಣೆಯನ್ನು ಅಲ್ಲಿಂದಲೇ ಎಸೆದರು. ಮಗನನ್ನು ನೋಡಿ ಕೇಳಿದರು.

“ಬಸ್ ತಕಂಬುದ್ ನೀನಲ್ದಾ ಮಾಣಿ? ನೀ ಎಂತಕ್ಕೆ ಕುಣೂದಿಲ್ಲೆ?”

ಶಾಮರಾಯರು ನೋಟುಪುಸ್ತಕದಲ್ಲಿ ಮುಖ ಹುದುಗಿಸಿ ಐದು ಎಂದು ಬರೆದುಕೊಂಡರು. ಸಾಸ್ತಾನ ಆರು. ಮಾಬುಕಳದಲ್ಲಿ ಬ್ರಹ್ಮಾವರದ ಕಡೆಯಿಂದ ಜನ ತುಂಬಿಕೊಂಡು ಬರುತ್ತಿದ್ದ ದೋಣಿ ದಡ ಮುಟ್ಟುವುದನ್ನೇ ಮರೆತು ನಡುನೀರಿನಲ್ಲಿ ನಿಂತಿತು. ಹುಲಿ ನೀರಿನಂಚಿನಲ್ಲಿ ಕುಣಿಯಿತು. ಎಸೆದ ಕಾಸಿನಲ್ಲಿ ಒಂದಿಷ್ಟು ಹೊಳೆಗೂ ಬಿತ್ತು. ಏಳು.

ಕುಂದಾಪುರಕ್ಕೆ ಮರಳಿದಾಗ ಗುಡಿಯಲ್ಲಿ ದೀಪ ಹಚ್ಚುತ್ತಿದ್ದರು. ಗೋಮತಿ ಬಣ್ಣ ತೆಗೆಯಲು ಎಣ್ಣೆಯ ಗಿಂಡಿ ಹಿಡಿದು ಗುಡಿಯ ಮೆಟ್ಟಿಲ ಬಳಿ ಕಾದಿದ್ದಳು. ಹಿರಿಯಣ್ಣ ಭಿಕ್ಷೆಯ ಚೀಲವನ್ನು ಹುಂಡಿಗೆ ಬಗ್ಗಿಸಿದ. ಅರ್ಚಕರು ಪ್ರಸಾದ ಕೊಟ್ಟರು. ಶಾಮರಾಯರು ಕೊನೆಯ ಗೆರೆ ಎಳೆದು, “ತೀರ್ತ್ ಶೇರಿಗಾರ್ರೆ. ನಾಳೆ ಬೆಳಿಗ್ಗೆ ರುಜು,” ಎಂದರು. ಅವರ ಮುಖದಲ್ಲಿ ಅಂಥ ಸಮಾಧಾನವನ್ನು ಯಾರೂ ಕಂಡಿರಲಿಲ್ಲ.

ಹಿರಿಯಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಅಳುತ್ತಿದ್ದಳು. ಸಂತೋಷಕ್ಕೆ ಅಳುವ ಅಳು ಅದಲ್ಲ.

“ಎಂತದೇ ಇದ್? ಎಲ್ಲ ಮುಗೀತಲ್ಲ. ದೀಪಾವಳಿಗ್ ಉಪ್ಪುಂದದ ಮನೆ.”

“ಮುಗೀತಲ್ಲ, ಅದಕ್ಕೇ,” ಎಂದಳು ಗೋಮತಿ.

ಅವನಿಗೆ ಅರ್ಥವಾಗಲಿಲ್ಲ. ಅವಳು ಮೂಗು ಒರೆಸಿಕೊಂಡು, ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು.

“ಹುಲಿಯೇ ಆಯ್ಕಿತ್ತಾ ಅಂದೇಳಿ ಬೈದ್ರಿ ಅಲ್ದಾ? ಕಾಯಿ ಹೇಳ್ಕಂಡ್ರೆ ನೀವ್ ಇಲ್ದಿದ್ರೂ ನಾನೊಬ್ಳೇ ಬಂದ್ ಒಡೀಲಕ್ಕಿತ್ತ್. ಹುಲಿ ಕುಣೂಕೆ ನೀವೇ ಏಳ್ಕ್. ಕೈಕಾಲ್ ಸಮ ಇರ್ಕ್. ಅಮ್ಮ ಅರ್ಧಂಬರ್ಧ ಎಬ್ಸಿ ಕೂರ್ಸುಕಾಗ ಅಂದೇಳಿ ಹಂಗೆ ಹೇಳ್ಕಂಡೆ.”

“ಮತ್ತೆ ಮೂರ್ ವರ್ಷ ಎಂತಕ್ಕೆ ಹೇಳ್ಲಿಲ್ಲೆ? ನಾ ಬೈತೆ ಅಂದೇಳಿಯಾ?”

“ನಿಮ್ ಬೈಗುಳಕ್ಕ್ ಹೆದ್ರುಕೆ ನಾನೆಂತ ಟಿಕೆಟ್ ತಕಂಡ್ ಬಂದೋಳಾ?” ಗೋಮತಿ ಅಳುವಿನ ನಡುವೆಯೇ ಗದರಿದಳು. “ಬಾಕಿ ಇಪ್ಪಷ್ಟ್ ದಿನ ಅಮ್ಮ ನಿಮ್ನ ಕಾಯ್ತ್ಳ್ ಅಂದೇಳಿ ಸುಮ್ನಿದ್ದೆ. ಕೊಡುಕಿಪ್ಪೋನ್ನ ಯಾರೂ ಸಾಯೂಕೆ ಬಿಡುದಿಲ್ಲೆ. ಪ್ರತಿ ನವರಾತ್ರಿಗೂ, ಇನ್ನೊಂದ್ ವರ್ಷ ಇರ್ಲಿ, ಇನ್ನೊಂದ್ ವರ್ಷ ಇರ್ಲಿ ಅಂದೇಳಿ ದಾಟ್ಸ್ದೆ. ಇನ್ನ್ ನಿಮ್ ಮೇಲೆ ಎಂತ ಬಾಕಿಯೂ ಇಲ್ಲೆ.”

ಹಿರಿಯಣ್ಣ ಬಾಲ ಇಳಿಬಿಟ್ಟುಕೊಂಡು ನಿಂತ. ಈ ಮೂರು ವರ್ಷ ದಿನಕ್ಕೆರಡು ಸಲ ಮಾಬುಕಳಕ್ಕೆ ಹೋಗಿ ಬಂದದ್ದೆಲ್ಲ ತನ್ನ ತೋಳಿನ ಬಲದಿಂದ ಎಂದುಕೊಂಡಿದ್ದ. ಹಿಂದೆ ಕೂತು ಒಬ್ಬಳು ಇಂಥ ಲೆಕ್ಕ ಹಾಕುತ್ತಿದ್ದಳು. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂತು. ಬಂದದ್ದನ್ನು ಹೇಗೆ ಹೇಳುವುದೆಂದು ಮಾತ್ರ ಈ ವಯಸ್ಸಿಗೂ ಕಲಿತಿರಲಿಲ್ಲ. ಸರ್ರನೆ ತಿರುಗಿ ಮತ್ತೆ ಗುಡಿಯ ಒಳಗೆ ಹೋದ. ಹೋಗಿ, ನಿಲ್ದಾಣದಲ್ಲಿ ಕೂಗುವ ಅದೇ ದನಿಯಲ್ಲಿ ಕೂಗಿದ.

“ಅಮ್ಮ, ಇಲ್ಕಾಣ್! ನನ್ ಹೆಂಡ್ತಿಗೆ ಎಪ್ಪತ್ ತುಂಬಿದ್ ವರ್ಷ ನಾನ್ ಇನ್ನೊಂದ್ ಸಲ ಹುಲಿ ಹಾಕ್ತೆ. ಬಸ್ಸಿನ ಧಣಿ ಅಲ್ಲ, ನಾನೇ, ಹಿರಿಯಣ್ಣ. ಅವ್ಳ್ ಎದ್ರ್ ಕೂಕಂಡ್ ಕಾಣ್ಕ್. ಅವ್ಳ್ ಕಾಂಬುಕೆ ಇಲ್ದಿದ್ರೆ ನಾ ಕುಣೂದೂ ಇಲ್ಲೆ!”

ಗೋಮತಿ ಗಿಂಡಿ ಹಿಡಿದುಕೊಂಡು ಹಾಗೇ ನಿಂತಳು. ಮೆಟ್ಟಿಲಿಳಿಯುತ್ತಿದ್ದ ಶಾಮರಾಯರು ಗಾಬರಿಯಿಂದ ನೋಟುಪುಸ್ತಕ ಬಿಚ್ಚಿದರು.

“ಇದ್ ಕಂಪೆನಿ ಮೇಲೆ ಬತ್ತಾ ಶೇರಿಗಾರ್ರೆ?”

“ಇಲ್ಲೆ ರಾಯ್ರೆ. ಇದ್ ನನ್ ಸ್ವಂತದ್.”

ಶಾಮರಾಯರು ಪುಸ್ತಕ ಮುಚ್ಚಿ ಚಪ್ಪಲಿ ಮೆಟ್ಟಿದರು. ಗೋಮತಿ ಬೆರಳು ಮಡಿಸಿ ಎಣಿಸುತ್ತಿದ್ದಳು. ಅವಳಿಗೆ ಈಗ ನಲವತ್ತನಾಲ್ಕು.

“ನಂಗೆ ಎಪ್ಪತ್ತ್ ಆಪೊತ್ತಿಗೆ ನಿಮ್ಗೆ ಎಪ್ಪತ್ತೊಂಬತ್ತ್,” ಎಂದಳು. “ಆ ಪ್ರಾಯದಲ್ಲಿ ಕುಣೂಕಾತ್ತಾ?”

“ಅದ್ ನಾನ್ ಕಾಂಬುದಲ್ಲ. ಅಮ್ಮ ಕಂಡ್ಕಣ್ಕ್,” ಎಂದ ಹಿರಿಯಣ್ಣ.

ಗೋಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ಸೆರಗನ್ನು ಎಣ್ಣೆಯಲ್ಲಿ ಅದ್ದಿ, ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಕೆನ್ನೆಯ ಬಣ್ಣ ಒರೆಸತೊಡಗಿದಳು.